ಉಪ್ಪು ಹಚ್ಚಿದ ಕೂಸು

ಬುಧವಾರ ಉದಗೀರ. ಶುಕ್ರವಾರ ನಿಲಂಗಾ. ಭಾನುವಾರ ಉಮರ್ಗಾ. ಮನಿಷಾ ವಾರಕ್ಕೆ ಮೂರು ಸಲ ಬೀಳುತ್ತಿದ್ದಳು.

ಬೀಳುವುದು ಅಂದರೆ ಇಷ್ಟೇ. ಒಂದು ತಗಡಿನ ಶೆಡ್ಡು, ಇಲ್ಲದಿದ್ದರೆ ಯಾರದೋ ಅಂಗಳ. ಮುಂದೆ ಪ್ಲಾಸ್ಟಿಕ್ ಕುರ್ಚಿ, ಹಿಂದೆ ಜಮಖಾನ. ಹಾಡು ಮುಗಿದ ಮೇಲೆ ಪಾಸ್ಟರ್ ಶೈಲೇಶ ಕೈಯೆತ್ತಿ, ಈಗ ನಮ್ಮ ಸಹೋದರಿ ಸಾಕ್ಷಿ ಹೇಳುತ್ತಾಳೆ ಅನ್ನುತ್ತಿದ್ದ. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರ ಎದುರು ಹೇಳುವುದಕ್ಕೆ ಅಲ್ಲಿ ಸಾಕ್ಷಿ ಎನ್ನುತ್ತಾರೆ. ಬೇರೆಯವರು ತಮ್ಮ ಕಾಮಾಲೆ ಹೋದದ್ದು, ಮಗ ಕುಡಿತ ಬಿಟ್ಟದ್ದು ಹೇಳಿ ಕೂರುತ್ತಿದ್ದರು. ಮನಿಷಾಳದು ಕೊನೆಗೆ. ಅವಳ ಸಾಕ್ಷಿ ಆದ ಮೇಲೆ ಬೇರೆ ಯಾವ ಸಾಕ್ಷಿಯೂ ನಿಲ್ಲುತ್ತಿರಲಿಲ್ಲ.

ಅವಳು ಮೈಕು ಹಿಡಿದು ಹೇಳುತ್ತಿದ್ದಳು. ನಾನು ಕುರಿ ಕಾಯುವವರ ಮಗಳು. ಮದುವೆಯಾಗದೆ ಬಸುರಾದೆ. ಕುರಿಹಟ್ಟಿಯಲ್ಲಿ ಹಡೆದೆ. ಹಡೆದ ಕೂಸನ್ನು ಪ್ರಾಣಿಗಳ ಮುಂದೆ ಒಗೆದೆ. ಕೂಸು ಸತ್ತಿತು. ಊರು ಹೊರಗೆ ಹಾಕಿತು. ಯೇಸು ಒಳಗೆ ಕರೆದ.

ಒಗೆದೆ ಅನ್ನುವಲ್ಲಿ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಅಲ್ಲಿ ಸ್ವಲ್ಪ ನಿಲ್ಲು ಎಂದು ಪಾಸ್ಟರ್ ಹೇಳಿಕೊಟ್ಟಿದ್ದ. ಅವಳು ನಿಲ್ಲುತ್ತಿದ್ದಳು.

ಆ ಒಂದು ಮಾತು ಸುಳ್ಳು.

ಉಳಿದ ದಿನ ಅವಳು ಉಮರ್ಗಾದ ಪ್ರಾರ್ಥನಾ ಮಂದಿರದ ಹಿಂದಿನ ಖೋಲಿಯಲ್ಲಿ ಇರುತ್ತಿದ್ದಳು. ಖೋಲಿ ಅಂದರೆ ಅಕ್ಕಿ ಚೀಲ, ಪಾತ್ರೆ ಇಡುವ ಜಾಗ. ಚೀಲಗಳ ನಡುವೆ ಅವಳ ಹಾಸಿಗೆ. ಬೋರಿನಿಂದ ನೀರು ಹೊರುವುದು, ಜಮಖಾನ ಜಾಡಿಸುವುದು, ಭಾನುವಾರ ಬಂದವರಿಗೆಲ್ಲ ಅನ್ನ ಸಾರು ಬೇಯಿಸುವುದು, ಆಮೇಲೆ ಆ ದೊಡ್ಡ ಪಾತೇಲಿಗಳ ಒಳಗೆ ಅರ್ಧ ಮೈ ಇಳಿಸಿ ತಿಕ್ಕುವುದು. ಬೆರಳ ಸಂದುಗಳು ಬಿರಿದು ಬಿಳಿಚಿದ್ದವು. ಕೆಲಸದ ಬಗ್ಗೆ ಅವಳಿಗೆ ದೂರಿರಲಿಲ್ಲ. ಕುರಿಯ ಹಿಂದೆ ನಡೆದು ಬೆಳೆದ ಕಾಲು ಅವು.

ಅವಳ ಜೊತೆ ಸರುಬಾಯಿ ಕೆಲಸ ಮಾಡುತ್ತಿದ್ದಳು. ವಯಸ್ಸಾದ ಹೆಂಗಸು. ಮೊದಲು ಸಾರಾಯಿ ಕಾಸುತ್ತಿದ್ದಳು. ಈಗ ಮಂದಿರ ಗುಡಿಸುತ್ತಾಳೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದು ಒಬ್ಬಳೇ ಇರುತ್ತಾಳೆ.

"ನನ್ನ ಸಾಕ್ಷಿ ಯಾರಿಗೂ ಬ್ಯಾಡಾಗ್ಯಾದ ನೋಡ್ ಪೋರಿ," ಅನ್ನುತ್ತಿದ್ದಳು ಪಾತೇಲಿ ತಿಕ್ಕುತ್ತ. "ಸಾರಾಯಿ ಕಾಸಿದೆ, ಪೊಲೀಸ್ರು ಹಿಡದ್ರು, ಬಿಟ್ಟೆ. ಇದರಾಗ ಅಳೂದು ಏನದ? ಮುಂದ ಕುರ್ಚಿ ಮ್ಯಾಲ ಕುಂದ್ರೋರಾಗ ಅರ್ಧ ಮಂದಿ ನನ್ನ ಗಿರಾಕಿನೇ ಇದ್ರು. ನಾ ಮೈಕ್ ಹಿಡದ್ರ ಎದ್ದು ಹೋಗ್ತಾರ."

ಮನಿಷಾ ನಗುತ್ತಿದ್ದಳು.

"ನಿಂದು ಹಂಗಲ್ಲ. ನಿಂದು ಪಿಕ್ಚರ್ ಇದ್ದಂಗ. ಮಂದಿ ಅಳ್ತಾರ, ಹಗುರಾಗಿ ಮನಿಗಿ ಹೋಗ್ತಾರ. ನೀ ಮಾತ್ರ ಅಲ್ಲೇ ಬಿದ್ದಿರ್ತಿ."

ಆಗ ಮನಿಷಾ ನಗುತ್ತಿರಲಿಲ್ಲ.

ನಡೆದದ್ದು ಬೇರೆ.

ಸೋಯಾ ರಾಶಿ ಆದ ಮೇಲೆ ಹೊಲದವರು ಕುರಿಯವರನ್ನು ಕರೆಯುತ್ತಾರೆ. ಕುರಿ ಅವರ ಹೊಲದಲ್ಲಿ ಮಲಗಬೇಕು, ಹಿಕ್ಕೆ ಬೀಳಬೇಕು, ಹೊಲಕ್ಕೆ ಗೊಬ್ಬರ ಆಗಬೇಕು. ಬದಲಿಗೆ ಜೋಳ ಕೊಡುತ್ತಾರೆ. ಮನಿಷಾಳ ಮನೆ ಸಾಸ್ತೂರದ ಕಡೆ. ಅಪ್ಪ ಮಲ್ಲಣ್ಣ, ಅವ್ವ ತುಳಜಾಬಾಯಿ, ಅಣ್ಣ ಕನಕರಾಜ. ಅವರು ಪ್ರತಿ ವರ್ಷ ಬೇಸಿಗೆಗೆ ಒಮ್ಮೆ, ಸೋಯಾ ಆದ ಮೇಲೆ ಒಮ್ಮೆ ದಾಳಿಂಬದ ಮಾಣಿಕಪ್ಪನ ಹೊಲದಲ್ಲಿ ಬಲೆ ಕಟ್ಟಿ ಹಟ್ಟಿ ಹಾಕುತ್ತಿದ್ದರು. ಮಾಣಿಕಪ್ಪ ಇಷ್ಟಲಿಂಗ ಕಟ್ಟಿದವನು, ಊರಿನ ಹಳೆಯ ಮನೆತನ. ಅವನಿಗೆ ಕುರಿಯ ಹಿಕ್ಕೆ ಬೇಕಿತ್ತು. ಕುರಿಯವರು ಮಾತ್ರ ಅಂಗಳದ ಆಚೆ ಕೂತು ಉಣ್ಣಬೇಕಿತ್ತು.

ಅವನ ಮಗ ಬಸವೇಶ್ವರ ಜೋಳ ತರುವ ನೆಪದಲ್ಲಿ ಹಟ್ಟಿಗೆ ಬರುತ್ತಿದ್ದ. ಮದುವೆಯಾಗುತ್ತೇನೆ ಅಂದ. ಮನಿಷಾ ನಂಬಿದಳು. ಬೇಸಿಗೆಯ ಮಾತು ಅದು. ಸೋಯಾ ರಾಶಿ ಆದ ಮೇಲೆ ಮತ್ತೆ ಅದೇ ಹೊಲಕ್ಕೆ ಬಂದಾಗ ಅವಳಿಗೆ ಏಳು ತಿಂಗಳು. ಕಂಬಳಿಯ ಕೆಳಗೆ ಹೊಟ್ಟೆ ಮುಚ್ಚಿಕೊಂಡಿದ್ದಳು. ಬಸವೇಶ್ವರ ಈ ಸಲ ಹಟ್ಟಿಗೆ ಬರಲಿಲ್ಲ. ಜೋಳವನ್ನು ಆಳಿನ ಕೈಯಲ್ಲಿ ಕಳಿಸಿದ.

ಒಂದು ದಿನ ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಅವ್ವ ಜೋಳ ಬೀಸಿಸಲು ಯೆಣೆಗೂರಿಗೆ ಹೋಗಿದ್ದಳು. ಮನಿಷಾ ಮರಿಗಳ ಜೊತೆ ಹಟ್ಟಿಯಲ್ಲಿ ಉಳಿದಿದ್ದಳು. ಹೊಸದಾಗಿ ಈದ ಕುರಿಗಳೂ ಅಲ್ಲೇ ಇದ್ದವು. ಬಿಸಿಲು ನೆತ್ತಿಗೆ ಬಂದಾಗ, ದಿನ ತುಂಬುವ ಮೊದಲೇ, ನೋವು ಹತ್ತಿತು. ಬಲೆಯ ಗೂಟ ಹಿಡಿದು ಕುಕ್ಕರಗಾಲಲ್ಲಿ ಕೂತಳು. ಕೂಗಲಿಲ್ಲ. ಕೂಗಿದರೆ ಬರುವವರು ಯಾರೂ ಇರಲಿಲ್ಲ. ಕೂಸು ಬಂತು. ಗಂಡು. ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಉಸಿರು ಇರಲಿಲ್ಲ.

ಅವಳಿಗೆ ಮನುಷ್ಯರ ಬಾಣಂತನ ಗೊತ್ತಿರಲಿಲ್ಲ. ಕುರಿಯದು ಗೊತ್ತಿತ್ತು. ಹುಟ್ಟಿದ ಮರಿ ಅಲುಗದಿದ್ದರೆ, ಇಲ್ಲವೇ ತಾಯಿ ಅದನ್ನು ಹತ್ತಿರ ಸೇರಿಸದಿದ್ದರೆ, ಕುರಿಯವರು ಮರಿಯ ಮೈಗೆ ಉಪ್ಪು ತಿಕ್ಕಿ ಕುರಿಯ ಮೂತಿಯ ಮುಂದೆ ಇಡುತ್ತಾರೆ. ಉಪ್ಪಿನ ಆಸೆಗೆ ಕುರಿ ನೆಕ್ಕುತ್ತದೆ. ನೆಕ್ಕಿದ ಹಾಗೆ ಮರಿಗೆ ಬಿಸಿ ಹತ್ತುತ್ತದೆ, ಉಸಿರು ತಿರುಗುತ್ತದೆ. ನೆಕ್ಕಿ ಮುಗಿಸಿದ ಮೇಲೆ ಕುರಿಗೆ ಅದು ತನ್ನದೇ ಅನ್ನಿಸುತ್ತದೆ. ತನ್ನದಲ್ಲದ ಮರಿಗೂ ಹಾಲು ಕೊಡುತ್ತದೆ. ಮನಿಷಾ ಸಣ್ಣವಳಿದ್ದಾಗಿನಿಂದ ಎಷ್ಟೋ ಮರಿಗಳನ್ನು ಹೀಗೆ ಉಳಿಸಿದ್ದಳು.

ತೆವಳಿಕೊಂಡು ಹೋಗಿ ಉಪ್ಪಿನ ಚೀಲಕ್ಕೆ ಕೈ ಹಾಕಿದಳು. ಕೂಸಿನ ಬೆನ್ನಿಗೆ, ಎದೆಗೆ, ಕಾಲಿಗೆ ಉಪ್ಪು ಹಚ್ಚಿದಳು. ಕೆಂಚಿ ಅನ್ನುವ ಕುರಿ ಹಿಂದಿನ ದಿನ ಸತ್ತ ಮರಿ ಹಾಕಿತ್ತು. ಕೆಚ್ಚಲು ಬಿಗಿದು ಒದರುತ್ತಿತ್ತು. ಕೂಸನ್ನು ಅದರ ಮುಂದೆ ಇಟ್ಟಳು.

ಕೆಂಚಿ ಮೂಸಿತು. ನೆಕ್ಕಿತು. ಕಾಲಿನಿಂದ ಹಿಡಿದು ಮುಖದ ತನಕ ನೆಕ್ಕಿತು. ಕೂಸು ಕಾಲು ಮಡಚಿತು. ಒಂದು ಸಲ ಅತ್ತಿತು. ಸಣ್ಣಗೆ, ಮರಿಯ ಹಾಗೆ.

ಮನಿಷಾ ಅದನ್ನು ಕೇಳಿದಳು. ಆಮೇಲೆ ರಕ್ತ ಹೋಗಿ ಕಣ್ಣು ಕತ್ತಲೆ ಬಂತು.

ಎಚ್ಚರಾದಾಗ ಅವ್ವ ನಿಂತಿದ್ದಳು. ಅಪ್ಪ ನಿಂತಿದ್ದ. ಮಾಣಿಕಪ್ಪನೂ ನಿಂತಿದ್ದ. ಕೂಸು ಮಣ್ಣಿನಲ್ಲಿ ಕುರಿಯ ಕಾಲ ಹತ್ತಿರ ಸತ್ತು ಬಿದ್ದಿತ್ತು. ಕೆಂಚಿಯ ಮೂತಿ ಕೆಂಪಾಗಿತ್ತು.

"ಕೂಸಿಗಿ ಕುರಿ ಮುಂದ ಒಗದಾಳ," ಅಂದ ಮಾಣಿಕಪ್ಪ.

ಅಲ್ಲ ಅನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಬೇರೆ ಯಾರೂ ಅಲ್ಲ ಅನ್ನಲಿಲ್ಲ.

ಬೀರಪ್ಪನ ಗುಡಿಯ ಮುಂದೆ ಪಂಚರು ಕೂತರು. ಒಗೆದಳು ಅಂದರೆ ತಪ್ಪು ಒಬ್ಬಳದು. ಉಳಿಸಲು ನೋಡಿದಳು ಅಂದರೆ ಕೂಸಿಗೆ ಅಪ್ಪ ಯಾರು ಎಂದು ಕೇಳಬೇಕಾಗುತ್ತದೆ. ಕೇಳಿದರೆ ಮಾಣಿಕಪ್ಪನ ಹೊಲ ತಪ್ಪುತ್ತದೆ. ಅವನ ಹೊಲ ತಪ್ಪಿದರೆ ಅವನ ದಾಯಾದಿಗಳ ಹೊಲಗಳೂ ತಪ್ಪುತ್ತವೆ. ಪಂಚರ ಕುರಿಗಳೂ ಅಲ್ಲೇ ಮೇಯುತ್ತಿದ್ದವು. ಹಿರಿಯ ರೇವಣಪ್ಪ ತುಳಜಾಬಾಯಿಯನ್ನು ಕೇಳಿದ.

"ನೀ ತಾಯಿ ಇದ್ದಿ. ನೀನೇ ಹೇಳು. ಒಗದಾಳೋ, ಇಲ್ಲೋ?"

ತುಳಜಾಬಾಯಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಸುಮ್ಮನೆ ಕೂತಳು. ಸುಮ್ಮನಿದ್ದದ್ದನ್ನೇ ಹೌದು ಎಂದು ಹಿಡಿದರು. ಮನಿಷಾಳನ್ನು ಉಮರ್ಗಾ ಬಸ್ಸಿಗೆ ಹತ್ತಿಸಿದರು. ಕೂಸನ್ನು ಎಲ್ಲಿ ಮಣ್ಣು ಮಾಡಿದರು ಎಂದು ಅವಳಿಗೆ ಯಾರೂ ಹೇಳಲಿಲ್ಲ.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅವಳ ಎದೆಗೆ ಹಾಲು ಇಳಿಯಿತು. ಕೂಸು ಇಲ್ಲ ಎಂದು ಹಾಲಿಗೆ ಗೊತ್ತಿರಲಿಲ್ಲ. ಕುಪ್ಪಸ ತೊಯ್ದು ಹೊಟ್ಟೆಯ ತನಕ ಹರಿಯಿತು. ನೊಣ ಮುತ್ತಿದವು. ಮಂದಿ ನೋಡಿ ಎದ್ದು ಬೇರೆ ಬೆಂಚಿಗೆ ಹೋದರು. ಅದೇ ಬೆಂಚಿನಲ್ಲಿ ಕೂತಿದ್ದ ಸರುಬಾಯಿ ಎದ್ದು ಹೋಗಲಿಲ್ಲ. ಏನೂ ಕೇಳಲಿಲ್ಲ. ತನ್ನ ಚೀಲದಲ್ಲಿದ್ದ ಹಳೆ ಸೀರೆ ಹರಿದು, ಅವಳ ಎದೆಗೆ ಬಿಗಿಯಾಗಿ ಕಟ್ಟಿದಳು.

"ನಡಿ ಪೋರಿ," ಅಂದಳು. "ಅನ್ನ ಅದ."

ಯೇಸು ಯಾರು ಎಂದು ಮನಿಷಾಗೆ ಆಮೇಲೆ ಹೇಳಿದರು. ಅನ್ನ ಮೊದಲು ಸಿಕ್ಕಿತ್ತು.

ಪಾಸ್ಟರ್ ಶೈಲೇಶ ಕೆಟ್ಟವನಲ್ಲ. ಬೀದರ ಕಡೆಯ ಕೂಲಿಯವನ ಮಗ. ಯಾರಿಗೂ ಬೇಡವಾದ ಹುಡುಗಿಗೆ ಬಾಗಿಲು ತೆರೆದವನು ಅವನೇ. ಅವಳು ಮೊದಲ ಸಲ ಎಲ್ಲ ಹೇಳಿದಾಗ ಕಣ್ಣು ಒರೆಸಿಕೊಂಡ. ಕೂಸಿನ್ನ ಕುರಿ ಮುಂದ ಇಟ್ಟೆರಿ, ಅಂದಿದ್ದಳು ಅವಳು. ಕುರಿಯವರಲ್ಲಿ ಹಾಗೆ ಅಂದರೆ ಸಾಕು, ಉಪ್ಪಿನ ಮಾತು ಹೇಳಬೇಕಿಲ್ಲ. ಪಾಸ್ಟರ್ ಕುರಿ ಸಾಕಿದವನಲ್ಲ. ಅವನಿಗೆ ಹಸಿ ಬಾಣಂತಿ ಕೂಸನ್ನು ಪ್ರಾಣಿಗಳಿಗೆ ಎಸೆದದ್ದು ಕಂಡಿತು. ಮಂದಿಗೆ ಮರಾಠಿಯಲ್ಲಿ ತಿರುಗಿಸಿ ಹೇಳುವ ದಿನ ಹಾಗೇ ಹೇಳಿದ. ಅವಳಿಗೆ ಮರಾಠಿ ತಿಳಿಯುತ್ತದೆ. ಮರಾಠಿ ಸೀಮೆಯ ಉಮರ್ಗಾದಲ್ಲಿ ಯಾರಿಗೆ ತಿಳಿಯುವುದಿಲ್ಲ?

"ಒಗೀಲಿಲ್ಲರಿ ನಾ," ಅಂದಿದ್ದಳು ಅವತ್ತೇ. "ಇಟ್ಟೀನಿ."

"ಇಟ್ಟರೇನು, ಒಗದರೇನು ತಂಗಿ? ಕೂಸಂತೂ ಹೋಯ್ತು. ಪಾಪ ಎಷ್ಟು ದೊಡ್ಡದೋ ಕೃಪಾ ಅಷ್ಟು ದೊಡ್ಡದು. ಮಂದಿಗಿ ಕೃಪಾ ಕಾಣಬೇಕಲ್ಲ?"

ಅವಳಿಗೆ ಹೋಗಲು ಬೇರೆ ಕಡೆ ಇರಲಿಲ್ಲ. ಮುಂದಿನ ವಾರ ಒಗೆದೆ ಅಂದಳು. ಅದರ ಮುಂದಿನ ವಾರವೂ ಅಂದಳು. ಹೀಗೇ ವರ್ಷ ಕಳೆದವು. ಅದನ್ನು ಯಾರೋ ಮೊಬೈಲಿನಲ್ಲಿ ತೆಗೆದು ಹಂಚಿದರು. ಬಜಾರಿನಲ್ಲಿ ಕಾಯಿಪಲ್ಯೆ ತರಲು ಹೋದರೆ ಹುಡುಗರು ಕುರಿಯ ಹಾಗೆ ಬ್ಯಾ ಅನ್ನುತ್ತಿದ್ದರು.

ಪಾಸ್ಟರನ ಹೆಂಡತಿ ಜಯಮಾಲಾ ಗುರುವಾರ ಹೆಂಗಸರಿಗೆ ಕಥೆ ಹೇಳುತ್ತಿದ್ದಳು. ಒಮ್ಮೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಒಬ್ಬ ಹೆಂಗಸಿನ ಕಥೆ ಹೇಳಿದಳು. ಗಂಡಸರು ಅವಳನ್ನು ಎಳೆದುಕೊಂಡು ಬಂದು ಯೇಸುವಿನ ಮುಂದೆ ನಿಲ್ಲಿಸಿದರು. ಹಾದರ ಮಾಡುವಾಗ ಸಿಕ್ಕಿದ್ದಾಳೆ, ಕಲ್ಲು ಹೊಡೆಯೋಣವೋ ಅಂದರು. ಯೇಸು ಬಗ್ಗಿ ನೆಲ ನೋಡುತ್ತ ಬೆರಳಿನಿಂದ ಮಣ್ಣಿನಲ್ಲಿ ಏನೋ ಬರೆಯುತ್ತ ಕೂತ. ಕಲ್ಲು ಹಿಡಿದವರು ಒಬ್ಬೊಬ್ಬರೇ ಹೊರಟುಹೋದರು.

"ಆಕಿಗಿ ಏನ್ ಕೇಳ್ದ ಅಕ್ಕೋರ?" ಅಂದಳು ಮನಿಷಾ.

"ಏನ್ ಕೇಳ್ದ ಅಂದ್ರ? ನಿನಗ ಯಾರೂ ಶಿಕ್ಷಾ ಕೊಡ್ಲಿಲ್ಲೇನು ಅಂತ ಕೇಳ್ದ."

"ಅದಲ್ಲರಿ. ಯಾರ ಸಂಗಟ, ಎಲ್ಲಿ, ಹ್ಯಾಂಗ ಆಯ್ತು ಅಂತ?"

ಜಯಮಾಲಾ ಕಲ್ಲು ಆರಿಸುವುದು ನಿಲ್ಲಿಸಿದಳು. "ಅದೇನ್ ಕೇಳಿಲ್ಲ."

"ನೆಲ ನೋಡ್ದ."

"ಹೂಂ. ನೆಲ ನೋಡ್ದ."

ಮನಿಷಾ ಆ ದಿನವೆಲ್ಲ ಅದನ್ನೇ ನೆನೆದಳು. ಎಲ್ಲರೂ ನೋಡುತ್ತಿರುವ ಹೆಂಗಸನ್ನು ನೋಡಬಾರದು ಎಂದು ಒಬ್ಬ ಗಂಡಸು ತಲೆ ಬಗ್ಗಿಸಿದ್ದ. ಅವಳಿಗೆ ಅಂಥವನು ಸಿಕ್ಕಿರಲಿಲ್ಲ. ಸರುಬಾಯಿ ಸಿಕ್ಕಿದ್ದಳು.

ಆ ಭಾನುವಾರ ಪುಣೆಯಿಂದ ಮಂದಿ ಬಂದಿದ್ದರು. ಕ್ಯಾಮೆರಾ ಬಂದಿತ್ತು. ಜಯಮಾಲಾ ಅವಳಿಗೆ ಬಿಳಿ ಸೀರೆ ಉಡಿಸಿದಳು. "ಅಳು ಬಂದ್ರ ತಡೀಬ್ಯಾಡ," ಅಂದ ಪಾಸ್ಟರ್. ಆಮೇಲೆ ಅವನು ಗ್ರಂಥ ತೆರೆದು ಹಳೆಯ ಕಾಲದ ಒಬ್ಬ ಪ್ರವಾದಿಯ ಮಾತು ಓದಿದ. ಬಯಲಿಗೆ ಬಿಸಾಡಿದ ಒಂದು ಹಸಿ ಕೂಸಿನ ಮಾತು. ಅದರ ಹೊಕ್ಕಳು ಯಾರೂ ಕೊಯ್ಯಲಿಲ್ಲ. ಯಾರೂ ತೊಳೆಯಲಿಲ್ಲ. ಯಾರೂ ಉಪ್ಪು ತಿಕ್ಕಲಿಲ್ಲ. ಒಬ್ಬರಿಗೂ ಕರುಣೆ ಬರಲಿಲ್ಲ. ಆ ದಾರಿಯಲ್ಲಿ ಹೋಗುತ್ತಿದ್ದ ದೇವರು, ನೆತ್ತರಿನಲ್ಲಿ ಹೊರಳುವ ಕೂಸನ್ನು ನೋಡಿ, ಬದುಕು ಅಂದ.

ಮನಿಷಾ ತಲೆ ಎತ್ತಿದಳು.

ಉಪ್ಪು ಎಂದು ಓದಿದನೇ? ಹೌದು. ಉಪ್ಪು ಎಂದೇ ಓದಿದ. ದೇವರಿಗೆ ಉಪ್ಪಿನ ಸಂಗತಿ ಗೊತ್ತಿತ್ತು. ಕೂಸಿಗೆ ಉಪ್ಪು ಹಚ್ಚದವರ ಮೇಲೆ ದೇವರಿಗೆ ಸಿಟ್ಟಿತ್ತು. ಅವಳು ಹಚ್ಚಿದ್ದಳು. ಹಚ್ಚಿ, ವಾರಕ್ಕೆ ಮೂರು ಸಲ ಒಗೆದೆ ಅನ್ನುತ್ತಿದ್ದಳು.

"ಸಹೋದರಿ ಮನಿಷಾ," ಅಂದ ಪಾಸ್ಟರ್.

ಎದ್ದು ನಡೆದಳು. ಮೈಕು ಹಿಡಿದು ಮಂದಿಯ ಕಡೆ ತಿರುಗಿದಾಗ ಬಾಗಿಲಲ್ಲಿ ಅವ್ವನನ್ನು ಕಂಡಳು. ಅದೇ ಹಸಿರು ಸೀರೆ, ಅದೇ ಮೂಗುತಿ. ಚಪ್ಪಲಿ ಕೈಯಲ್ಲಿ ಹಿಡಿದು, ಒಳಗೂ ಬರದೆ ಹೊರಗೂ ಹೋಗದೆ ನಿಂತಿದ್ದಳು.

"ನಾ ಕುರಿ ಮಂದಿ ಮಗಳು," ಅಂದಳು ಮನಿಷಾ. ಪಾಸ್ಟರ್ ಮರಾಠಿಯಲ್ಲಿ ಹೇಳಿದ. "ಮದುವಿ ಆಗ್ದೇ ಬಸರಾದೆ." ಹೇಳಿದ. "ಹಟ್ಟಿದಾಗ ಒಬ್ಬಾಕಿನೇ ಹಡದೆ." ಹೇಳಿದ. ಹೆಂಗಸರು ಸೆರಗು ಎತ್ತಿಕೊಂಡು ತಯಾರಾದರು. ಕ್ಯಾಮೆರಾದವನು ಹತ್ತಿರ ಬಂದ.

"ಕೂಸಿನ್ನ ನಾ ಒಗೀಲಿಲ್ಲ."

ಪಾಸ್ಟರ್ ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ, "ಮೊದಲಿನಂಗ ಹೇಳು," ಅಂದ.

"ಮೊದಲಿಂದು ಸುಳ್ಳದರಿ." ಮೈಕಿನಲ್ಲಿ ಎಲ್ಲರಿಗೂ ಕೇಳಿತು. "ಕೂಸು ಅಳ್ಲಿಲ್ಲ. ನಾ ಉಪ್ಪ ಹಚ್ಚಿದೆ. ಮರಿ ಸತ್ತ ಕುರಿ ಇತ್ತು, ಅದರ ಮುಂದ ಇಟ್ಟೆ. ಅದು ನೆಕ್ಕಿತು. ಕೂಸು ಒಂದ್ ಸಲ ಅತ್ತದ. ನಾ ಕೇಳೀನಿ. ಕುರಿ ತನ್ನದು ಅಂದಿತ್ತು. ಮನಷಾರು ಯಾರೂ ಅನ್ಲಿಲ್ಲ."

"ಆಯ್ತು ತಂಗಿ, ಕುಂದ್ರು," ಅಂದ ಪಾಸ್ಟರ್.

"ಕುಂದ್ರಲ್ಲ. ಬಸರಾಗಿದ್ದು ಖರೆ. ನಂಬಿದ್ದು ಖರೆ. ಅದನ್ನ ದೇವರಿಗಿ ಒಂದ್ ಸಲ ಹೇಳೀನಿ, ಅಂವಾ ಕೇಳ್ಯಾನ, ಬಿಟ್ಟಾನ. ನೀವು ಬಿಡ್ಲಿಲ್ಲ. ಅಂವಾ ಎತ್ತಿದ್ರ ನೀವು ಮತ್ತ ಕೆಡವ್ತೀರಿ, ಎತ್ತಿದ್ದು ತೋರಿಸ್ಲಿಕ್ಕ. ಆ ಹೆಂಗಸಿಗಿ ಅಂವಾ ಹ್ಯಾಂಗ ಆಯ್ತು ಅಂತ ಕೇಳಿದ್ನೇನ್ರಿ? ನೆಲ ನೋಡ್ದ. ನಿಮಗ ನೆಲ ನೋಡ್ಲಿಕ್ಕ ಬರಲ್ಲೇನು?"

ಪುಣೆಯವನೊಬ್ಬ, "ಕಾಯ್ ಮ್ಹಣತೇ?" ಏನಂತಾಳೆ, ಎಂದು ಪಕ್ಕದವನನ್ನು ಕೇಳಿದ. ಯಾರೂ ತಿರುಗಿಸಿ ಹೇಳಲಿಲ್ಲ. ಪಾಸ್ಟರ್ ಕೈ ಮಾಡಿದ. ಕೀಬೋರ್ಡಿನವನು ಜೋರಾಗಿ ಹಾಡು ಎತ್ತಿದ. ಮಂದಿ ಚಪ್ಪಾಳೆ ತಟ್ಟುತ್ತ ಎದ್ದರು. ಮನಿಷಾ ಮೈಕನ್ನು ಕುರ್ಚಿಯ ಮೇಲೆ ಇಟ್ಟು ಇಳಿದಳು.

ಖೋಲಿಯಲ್ಲಿ ಬಿಳಿ ಸೀರೆ ಬಿಚ್ಚಿ ಮಡಚಿಟ್ಟಳು. ತನ್ನದು ಉಟ್ಟಳು. ಜಯಮಾಲಾ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿದ್ದವು.

"ಅವರು ಸಿಟ್ಟಿಗಿ ಬಂದಾರ. ನೀ ಎರಡು ದಿನ ಎಲ್ಯಾರ ಇರು," ಅಂದಳು. ಎಲ್ಲಿ ಎಂದು ಹೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಸರುಬಾಯಿ ಒಲೆಯ ಹತ್ತಿರದಿಂದ ಎದ್ದು ಬಂದು ಒಂದು ಕೀಲಿ ಅವಳ ಸೆರಗಿಗೆ ಗಂಟು ಹಾಕಿದಳು. "ಹೊರಗ ನಿಮ್ಮವ್ವ ಕುಂತಾಳ. ಮಾತಾಡಿ, ನನ್ನ ಖೋಲಿಗಿ ಹೋಗು. ಇಲಿ ಅವ, ಹೆದರಬ್ಯಾಡ. ಅವೂ ಸಾಕ್ಷಿ ಕೇಳಲ್ಲ."

ತುಳಜಾಬಾಯಿ ಬೋರಿನ ಕಟ್ಟೆಯ ಮೇಲೆ ಕೂತಿದ್ದಳು. ಮಗಳನ್ನು ಕಂಡು ಎದ್ದಳು. ಮುಟ್ಟಲಿಲ್ಲ.

"ಸೊರಗಿದಿ," ಅಂದಳು.

"ನೀನೂ."

"ಕನಕರಾಜ ಮೊಬೈಲದಾಗ ತೋರಿಸ್ದ. ನಾ ಒಗದೆ ಅಂತ ನೀನೇ ಹೇಳ್ಲಕತ್ತಿದ್ದಿ. ಅವತ್ತಿಂದ ನನಗ ರೊಟ್ಟಿ ಇಳೀವಲ್ದು. ಕುರಿ ಔಷಧ ತರ್ತೀನಂತ ಮನ್ಯಾಗ ಹೇಳಿ ಬಂದೀನಿ."

"ಒಗೀಲಿಲ್ಲ ಅವ್ವಾ."

"ಗೊತ್ತದ."

"ಈಗ ಕೇಳಿದೆಲ್ಲ, ಅದಕ್ಕ ಗೊತ್ತದ."

"ಅವತ್ತೇ ಗೊತ್ತಿತ್ತು."

ಒಳಗೆ ಹಾಡು ನಡೆದೇ ಇತ್ತು. ತುಳಜಾಬಾಯಿ ಬಲ ಅಂಗೈ ಬಿಚ್ಚಿ ನೋಡಿಕೊಂಡಳು.

"ಕೂಸಿಗಿ ಮಣ್ಣ ಮಾಡ್ಲಿಕ್ಕ ನಾನೇ ಎತ್ತಿದೆ. ಹಿಂದಿನ ದಿನ ಇಲ್ಲಿ ಕುಡಗೋಲು ಕೊಯ್ದಿತ್ತು. ಎತ್ತಿದ ಕೂಡ್ಲೇ ಕೈ ಉರೀತು. ಏನಂತ ಬಗ್ಗಿ ನೋಡ್ದೆ. ಬಗಲಾಗ, ತೊಡಿ ಸಂದ್ಯಾಗ ಉಪ್ಪಿನ ಹರಳ. ನಾ ಕುರಿ ಮಂದಿ ಹೆಣಮಗಳು. ನನಗ ತಿಳೀಲ್ದೇ ಇರ್ತದ? ನೀ ಉಳಿಸ್ಲಿಕ್ಕ ನೋಡೀದಿ ಅಂತ ಕೈಗಿ ತಿಳೀತು."

"ಕೆಂಚಿ ಹ್ಯಾಂಗದ?" ಅಂದಳು ಮನಿಷಾ.

"ಇಲ್ಲ. ಮನಷಾರ ನೆತ್ತರ ರುಚಿ ನೋಡ್ಯಾದ ಅಂದ್ರು. ಮರುದಿನಾನೇ ಕಸಾಯಿಗಿ ಕೊಟ್ರು. ಗಾಡಿ ಹತ್ತಿಸೂಮುಂದ ಹಾಲ ಸೋರ್ಲಕತ್ತಿತ್ತು."

ಮನಿಷಾ ತನ್ನ ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡಳು.

"ಪಂಚರ ಮುಂದ ನಾ..." ತುಳಜಾಬಾಯಿ ಚಪ್ಪಲಿ ಕೈಗೆತ್ತಿಕೊಂಡಳು. "ಹೇಳ್ತೀನಿ, ಕೇಳು. ರೇವಣಪ್ಪ ಕೇಳ್ದಾಗ ನನ್ನ ಬಾಯಾಗ ಬಂದಿತ್ತು. ನಿಮ್ಮಪ್ಪ ನನ್ನ ಕಡಿ ನೋಡ್ದ. ಆಗ ನಾ..."

ಮನಿಷಾ ಅವ್ವನನ್ನು ನೋಡಿದಳು. ಕೇಳುವ ಹಕ್ಕು ಅವಳಿಗಿತ್ತು. ಅಷ್ಟು ವರ್ಷ ಬಜಾರಿನಲ್ಲಿ ಬ್ಯಾ ಅನ್ನಿಸಿಕೊಂಡವಳು ಅವಳು. ಯಾಕೆ ಹೇಳಲಿಲ್ಲ, ಒಂದೇ ಮಾತು ಹೇಳಿದ್ದರೆ ಏನು ಹೋಗುತ್ತಿತ್ತು, ಎಂದು ಮುಖಕ್ಕೆ ಉಗುಳುವಷ್ಟು ಸಿಟ್ಟು ಅವಳಲ್ಲಿತ್ತು. ಎದುರಿಗೆ ಅವ್ವ ಎರಡೂ ಕೈಯಲ್ಲಿ ಚಪ್ಪಲಿ ಹಿಡಿದು, ತುಟಿ ಅದುರಿಸುತ್ತ, ತಾನು ಮಾಡಿದ್ದನ್ನು ಹೇಳಲು ನಿಂತಿದ್ದಳು. ಮೈಕು ಹಿಡಿದು ನಿಲ್ಲುವಾಗ ತಾನು ಹೀಗೇ ಕಾಣುತ್ತಿದ್ದೆ ಎಂದು ಮನಿಷಾಗೆ ಗೊತ್ತಾಯಿತು.

ಅವಳು ತಲೆ ಬಗ್ಗಿಸಿ ನೆಲ ನೋಡಿದಳು. ಚೆಲ್ಲಿದ ಅನ್ನಕ್ಕೆ ಇರುವೆ ಹತ್ತಿದ್ದವು.

"ಹೇಳಬ್ಯಾಡ ಅವ್ವಾ."

"ಕೇಳಾರ ಕೇಳು..."

"ಬ್ಯಾಡ. ಕೂಸು ಎಲ್ಲದ, ಅಷ್ಟು ತೋರಿಸು."

ಶೇರ್ ಆಟೋದಲ್ಲಿ ಇಬ್ಬರೂ ದಾಳಿಂಬಕ್ಕೆ ಹೋದರು. ದಾರಿಯಲ್ಲಿ ತುಳಜಾಬಾಯಿ, "ಮನಿಗಿ ಕರೀಲಿಕ್ಕ ಆಗಲ್ಲ ನನಗ," ಅಂದಳು. ಮನಿಷಾ ಸೆರಗಿನ ಕೀಲಿ ಮುಟ್ಟಿ, "ಕರಿ ಅಂತ ನಾ ಅಂದಿಲ್ಲ," ಅಂದಳು.

ರಸ್ತೆ ಬಿಟ್ಟು ಹೊಲಕ್ಕೆ ಇಳಿದರು. ಸೋಯಾ ತೆಗೆದು ಹೊಲ ಬೋಳಾಗಿತ್ತು. ಕಡಲೆ ಬಿತ್ತಲು ಆ ತುದಿಯಿಂದ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು. ಅರ್ಧ ಹೊಲ ಕಪ್ಪಗೆ ತಿರುಗಿತ್ತು.

ತುಳಜಾಬಾಯಿ ನಡುವೆ ಬಂದು ನಿಂತಳು. ಸುತ್ತ ನೋಡಿದಳು.

"ಇಲ್ಲಿ ಒಡ್ಡು ಇತ್ತು," ಅಂದಳು. "ಒಡ್ಡಿನ ಮ್ಯಾಲ ಜಾಲಿಗಿಡ ಇತ್ತು. ಅದರ ಬುಡಕ್ಕ ಇಟ್ಟಿದ್ದೆ."

ಒಡ್ಡು ಇರಲಿಲ್ಲ. ಜಾಲಿಯೂ ಇರಲಿಲ್ಲ. ಜೆಸಿಬಿ ತಂದು ಎರಡು ಹೊಲ ಒಂದು ಮಾಡಿದ್ದರು. ತುಳಜಾಬಾಯಿ ಆ ಕಡೆ ಹೋದಳು, ಈ ಕಡೆ ಬಂದಳು. ಕಾಲಿನಿಂದ ಮಣ್ಣು ಒತ್ತಿ ನೋಡಿದಳು. ಕೂತು ಒಂದು ಹೆಂಟೆ ಎತ್ತಿ ಪುಡಿ ಮಾಡಿ, ಚೂರು ನಾಲಿಗೆಗೆ ಇಟ್ಟುಕೊಂಡಳು.

"ಉಪ್ಪಿಲ್ಲ," ಅಂದಳು. "ಮಳಿ ಬಾಳ ಆಗ್ಯಾದ."

ಮನಿಷಾ ಅವಳ ಪಕ್ಕದಲ್ಲಿ ಕೂತಳು. ಅವ್ವನ ಅಂಗೈ ಹಿಡಿದು ಮಣ್ಣು ಒರೆಸಿದಳು. ಕುಡುಗೋಲಿನ ಗಾಯ ಬಿಳಿ ಗೆರೆಯಾಗಿತ್ತು. ತುಳಜಾಬಾಯಿ ಆಗ ಅತ್ತಳು. ದನಿ ತೆಗೆಯದೆ, ಬಾಯಿ ತೆರೆದುಕೊಂಡು. ಮನಿಷಾಗೆ ಅಳು ಬರಲಿಲ್ಲ. ವಾರಕ್ಕೆ ಮೂರು ಸಲ ಅತ್ತು ಅವಳಲ್ಲಿ ಅದು ತೀರಿತ್ತು.

ಟ್ರ್ಯಾಕ್ಟರ್ ಆ ತುದಿಯಲ್ಲಿ ತಿರುಗಿ ಇವರ ಕಡೆ ಬಂತು. ನೇಗಿಲ ಹಲ್ಲು ಮಣ್ಣನ್ನು ಅಡಿಮೇಲು ಮಾಡುತ್ತ ಬಂತು. ಇಬ್ಬರೂ ಏಳಲಿಲ್ಲ. ತೀರ ಹತ್ತಿರ ಬಂದು ನಿಂತಿತು. ಮೇಲೆ ಬಸವೇಶ್ವರ ಕೂತಿದ್ದ. ಕಪ್ಪು ಕನ್ನಡಕ, ಹಣೆಗೆ ವಿಭೂತಿ. ಮೈ ತುಂಬಿಕೊಂಡಿದ್ದ.

"ಏ, ಏಳ್ರಿ," ಅಂದ. "ಬಿತ್ತೂದದ. ಹೊಲದಾಗ ಯಾಕ ಕುಂತೀರಿ?"

ಆಮೇಲೆ ಅವನಿಗೆ ಗುರುತು ಹತ್ತಿತು. ಬಾಯಿ ಅರ್ಧಕ್ಕೆ ನಿಂತಿತು.

ತುಳಜಾಬಾಯಿ ತಲೆ ಎತ್ತಿದಳು. ಸೆರಗು ಜಾರಿ ಹೆಗಲಿಗೆ ಬಂದಿತ್ತು. ಅದನ್ನು ಮುಖದ ಮೇಲೆ ಎಳೆದುಕೊಳ್ಳಲಿಲ್ಲ.

"ನಿನ್ನ ಕೂಸು ಇಲ್ಲೇ ಎಲ್ಲೋ ಅದ," ಅಂದಳು. "ನೋಡ್ಕೊಂಡು ಹೊಡಿ."

ಇಂಜಿನ್ ಗುರುಗುಡುತ್ತಲೇ ಇತ್ತು. ಅವನು ಇಳಿಯಲಿಲ್ಲ. ಅವರು ಏಳಲಿಲ್ಲ.